ಕೈ ನಡುಗದಿದ್ದರೆ ಅಜ್ಜಿಯ ಊರು ಕಾಣುತ್ತಿತ್ತು

ನನ್ನ ಫೋನಿನಲ್ಲಿ 4 ನಿಮಿಷ 12 ಸೆಕೆಂಡಿನ ಒಂದು ವಿಡಿಯೊ ಇದೆ. 2016ರ ಡಿಸೆಂಬರ್‌ನಲ್ಲಿ ಸಿಗಂದೂರು ಲಾಂಚ್‌ನ ಮೇಲೆ ತೆಗೆದದ್ದು. ಅದರಲ್ಲಿ ನನ್ನ ಅಜ್ಜಿ, ಅಂದರೆ ಅಪ್ಪನ ಅಮ್ಮ, ಮಾತಾಡುತ್ತಾಳೆ. "ಅಲ್ಲಿ ಕಾಣ್ತದಲ್ಲ, ಆ ಗುಡ್ಡದ ಬುಡಕ್ಕೆ ನಮ್ಮ ಮನೆ ಇತ್ತು. ಮನೆ ಎದುರಿಗೆ ತೋಟ. ತೋಟದ ಕೆಳಗೆ ಹೊಳೆ" ಅನ್ನುತ್ತಾಳೆ. ಧ್ವನಿ ಚೆನ್ನಾಗಿಯೇ ಕೇಳುತ್ತದೆ.

ಕಾಣುವುದೇನು? ಮೊದಲು ಅಜ್ಜಿಯ ಕಿವಿ. ಆಮೇಲೆ ಆಕಾಶ. ಆಮೇಲೆ ಯಾರದೋ ಚಪ್ಪಲಿ, ಕಂಬಿ, ಒಂದು ಬಸ್ಸಿನ ಅರ್ಧ ಕಿಟಕಿ, ನೀರು, ಮತ್ತೆ ಆಕಾಶ. ಗುಡ್ಡ ಬರುವಷ್ಟರಲ್ಲಿ ನಾನು ಜೂಮ್ ಮಾಡಿದ್ದೇನೆ, ಗುಡ್ಡ ಹಾರಿ ಹೋಗಿದೆ. ಅದನ್ನು ಹುಡುಕಲು ಎಡಕ್ಕೆ ತಿರುಗಿದ್ದೇನೆ, ಅಲ್ಲಿ ನನ್ನ ಚಿಕ್ಕಪ್ಪ ಕಡಲೆಕಾಯಿ ತಿನ್ನುತ್ತಿದ್ದಾರೆ.

ಅಜ್ಜಿ 2019ರಲ್ಲಿ ತೀರಿಕೊಂಡಳು. ಹದಿಮೂರನೇ ದಿನ ಊಟ ಮುಗಿದ ಮೇಲೆ ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ಅತ್ತೆ, "ಲಾಂಚಲ್ಲಿ ಅಮ್ಮನ ವಿಡಿಯೊ ತೆಗ್ದಿದ್ಯಲ್ಲ, ಹಾಕು" ಅಂದರು. ಟಿವಿಗೆ ಹಾಕಿದೆ. ಫೋನಿನ ಸಣ್ಣ ಪರದೆಯಲ್ಲಿ ಹೇಗೋ ನಡೆಯುತ್ತಿದ್ದ ಅಲುಗಾಟ ದೊಡ್ಡ ಟಿವಿಯಲ್ಲಿ ಭೂಕಂಪದ ಹಾಗೆ ಕಂಡಿತು. ಎರಡು ನಿಮಿಷ ಆಗಿರಬೇಕು, ಅತ್ತೆ ಕಣ್ಣು ಮುಚ್ಚಿಕೊಂಡು, "ತಲೆ ತಿರುಗ್ತದೆ ಮಾರಾಯ, ನಿಲ್ಸು" ಅಂದರು. ನಿಲ್ಲಿಸಿದೆ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ನೀರಿನಡಿಯ ಊರು

ಸಾಗರದ ಕಡೆಯವರಿಗೆ ಈ ಕತೆ ಹೊಸದಲ್ಲ. ಉಳಿದವರಿಗಾಗಿ ನಾಲ್ಕು ಮಾತು.

ಶರಾವತಿಗೆ ಜೋಗಕ್ಕಿಂತ ಸ್ವಲ್ಪ ಮೇಲೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಆಯಿತು. ಅದರ ಪೂರ್ಣ ಮಟ್ಟ 1819 ಅಡಿ. ರಾಜ್ಯಕ್ಕೆ ಕರೆಂಟು ಬಂತು. ಹಿಂದಕ್ಕೆ ನಿಂತ ನೀರು ಹೊಳೆಬದಿಯ ಮನೆ, ಗದ್ದೆ, ಅಡಿಕೆ ತೋಟಗಳನ್ನು ನುಂಗಿತು. ಜನ ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಹೊರಟರು. ನಮ್ಮ ಮನೆಯವರು ಶಿವಮೊಗ್ಗದ ಕಡೆ ಕಾಡಿನಂಚಿಗೆ ಬಂದು ಬಿದ್ದರು. ಆಗ ಅಪ್ಪನಿಗೆ ಎಂಟು ವರ್ಷ, ಅಜ್ಜಿಗೆ ಇಪ್ಪತ್ತೆಂಟು. ಹಾಗೆ ಬಂದವರಲ್ಲಿ ಎಷ್ಟೋ ಕುಟುಂಬಗಳು ಇವತ್ತಿಗೂ ಜಮೀನಿನ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿವೆ.

ಎದ್ದು ಹೋಗದೆ ಉಳಿದ ಕರೂರು, ಬಾರಂಗಿ ಹೋಬಳಿಗಳ ಊರುಗಳು ಸಾಗರದಿಂದ ಹಿನ್ನೀರಿನ ಆಚೆಗಾದವು. ಸೇತುವೆ ಆಗುವವರೆಗೆ ಅವರಿಗೆ ಪೇಟೆ, ಆಸ್ಪತ್ರೆ, ಕಾಲೇಜು ಎಲ್ಲಕ್ಕೂ ಲಾಂಚೇ ದಾರಿಯಾಗಿತ್ತು. ಅಂಬಾರಗೋಡ್ಲು ಕಡೆಯ ಹೊಳೆಬಾಗಿಲಲ್ಲಿ ಬಸ್ಸು, ಕಾರು, ಬೈಕು, ಜನ ಎಲ್ಲ ಒಟ್ಟಿಗೆ ಹತ್ತಿ ಆಚೆಯ ಕಳಸವಳ್ಳಿಯಲ್ಲಿ ಇಳಿಯುವುದಿತ್ತು. ಸಿಗಂದೂರು ಚೌಡೇಶ್ವರಿಗೆ ಹೋಗುವವರು ಹೆಚ್ಚಾದ ಮೇಲೆ ಅದು 'ಸಿಗಂದೂರು ಲಾಂಚ್' ಅಂತಲೇ ಹೆಸರಾಯಿತು. ನಮ್ಮಂಥವರಿಗೆ ಅದು ದೇವಸ್ಥಾನದ ದಾರಿಯೂ ಆಗಿತ್ತು, ಮುಳುಗಿದ ಮನೆಯ ಮೇಲೆ ಹಾದು ಹೋಗುವ ಹೊತ್ತೂ ಆಗಿತ್ತು.

ಅಲ್ಲಿ ಕೇಬಲ್ ಸೇತುವೆ ಮುಗಿಯುತ್ತಾ ಬಂದಿದೆ ಅಂತ ಕಳೆದ ವರ್ಷ, 2025ರ ಶುರುವಿನಲ್ಲಿ ಸುದ್ದಿ ಬಂತು. 2.44 ಕಿ.ಮೀ. ಉದ್ದದ ಸೇತುವೆ. ಆಚೆ ದಡದವರು ದಶಕಗಳಿಂದ ಕೇಳುತ್ತಿದ್ದದ್ದು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಲಾಂಚ್ ಇಲ್ಲದೆ ಒದ್ದಾಡಿದವರ ಕಷ್ಟ ಗೊತ್ತಿರುವ ಯಾರೂ ಲಾಂಚೇ ಇರಲಿ ಅನ್ನುವುದಿಲ್ಲ. ನನಗೆ ಮಾತ್ರ ಒಂದೇ ಚಿಂತೆ. ಸೇತುವೆ ಆದರೆ ಕಾರಲ್ಲಿ ನಾಲ್ಕೈದು ನಿಮಿಷ. ನಿಧಾನಕ್ಕೆ ನೀರಿನ ಮೇಲೆ ಹೋಗುತ್ತಾ "ಅಲ್ಲಿ ಕಾಣ್ತದಲ್ಲ" ಅಂತ ಕೈ ತೋರಿಸುವುದು ಇನ್ನು ಆಗದು. ಅಪ್ಪನಿಗೂ ಅರವತ್ತೊಂಬತ್ತು.

ಅದಕ್ಕೆ ಮೊದಲು ಒಮ್ಮೆ ಹೋಗಿ ಬರೋಣ, ಈ ಸಲ ಸರಿಯಾಗಿ ತೆಗೆಯೋಣ ಅಂತ ತೀರ್ಮಾನಿಸಿದೆ.

ಬಾಲ್ಕನಿಯ ಪಾಠ

ಮೊದಲು ಹಳೆಯದನ್ನು ರಿಪೇರಿ ಮಾಡಲು ನೋಡಿದೆ. ಅಲುಗಾಟ ತೆಗೆಯುವ ಸಾಫ್ಟ್‌ವೇರ್‌ಗಳಿವೆ. ಅವು ಚಿತ್ರದ ಅಂಚುಗಳನ್ನು ಕತ್ತರಿಸಿ, ಉಳಿದ ಭಾಗವನ್ನು ಆಚೀಚೆ ಸರಿಸಿ ನೇರ ಮಾಡುತ್ತವೆ. ಸಣ್ಣ ನಡುಕಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ. ನನ್ನದಕ್ಕೆ ಹಾಕಿದರೆ ಅಜ್ಜಿಯ ಮುಖ ಜೆಲ್ಲಿಯ ಹಾಗೆ ಓಲಾಡಿತು. ಮೊದಲ ಅರ್ಧ ನಿಮಿಷ ನೋಡಿ ಬಿಟ್ಟೆ. ಚೌಕಟ್ಟಿನೊಳಗೆ ಬರದೇ ಇದ್ದ ಗುಡ್ಡವನ್ನು ಯಾವ ಸಾಫ್ಟ್‌ವೇರ್ ತಂದು ಕೂರಿಸೀತು?

ಬೆಂಗಳೂರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಅಭ್ಯಾಸ ಶುರು ಮಾಡಿದೆ. ಎದುರಿನ ಮನೆಯ ನೀರಿನ ಟ್ಯಾಂಕೇ ನನ್ನ ಗುಡ್ಡ. ಬೆಳಿಗ್ಗೆ ಆಫೀಸ್ ಕ್ಯಾಬ್ ಬರುವ ಮುಂಚೆ ಹತ್ತು ನಿಮಿಷ. ಒಂದು ತಿಂಗಳಲ್ಲಿ ಕಲಿತದ್ದಿಷ್ಟು.

ಫೋನನ್ನು ಅಡ್ಡ ಹಿಡಿದು ಎರಡೂ ಕೈಯಲ್ಲಿ ಹಿಡಿಯಬೇಕು. ಮೊಣಕೈಗಳು ಪಕ್ಕೆಗೆ ತಾಗಿರಬೇಕು. ಕೈ ಚಾಚಿ ಹಿಡಿದಷ್ಟೂ ನಡುಕ ಹೆಚ್ಚು, ತುಂಬಿದ ಚೊಂಬನ್ನು ತೋಳು ಚಾಚಿ ಹಿಡಿದರೆ ತುಳುಕುವ ಹಾಗೆ. ಕಾಲು ಸ್ವಲ್ಪ ಅಗಲ, ಮಂಡಿ ಒಂಚೂರು ಸಡಿಲ. ಗೋಡೆ ಸಿಕ್ಕರೆ ಬೆನ್ನು ಕೊಡಿ. ರೆಕಾರ್ಡ್ ಒತ್ತುವ ಮುಂಚೆ ಉಸಿರು ಬಿಟ್ಟು, ಆಮೇಲೆ ಮೆತ್ತಗೆ ಉಸಿರಾಡಿ.

ಜೂಮ್ ಬೇಡವೇ ಬೇಡ. ಜೂಮ್ ದೂರದ್ದನ್ನು ದೊಡ್ಡದು ಮಾಡುವಾಗ ಕೈ ನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಹತ್ತಿರ ಬೇಕಾದರೆ ಹತ್ತಿರ ಹೋಗಿ. ಹೋಗಲು ಆಗದಿದ್ದರೆ ಅಗಲವಾಗಿಯೇ ತೆಗೆಯಿರಿ.

ಬದಿಗೆ ತಿರುಗಿಸಬೇಕು ಅಂದರೆ, ಎಲ್ಲಿ ಮುಗಿಸುತ್ತೀರೋ ಅತ್ತ ಮುಖ ಮಾಡಿ ಪಾದ ಊರಿ. ಸೊಂಟವನ್ನು ತಿರುಚಿ ಆರಂಭದ ಕಡೆ ತಿರುಗಿಕೊಂಡು, ಅಲ್ಲಿಂದ ಬಿಡಿಸಿಕೊಳ್ಳುತ್ತಾ ಬನ್ನಿ. ತಿರುಚು ಬಿಡಿಸಿಕೊಳ್ಳುವಾಗ ಮೈ ಸಲೀಸಾಗಿ ಬರುತ್ತದೆ. ಉಲ್ಟಾ ಮಾಡಿದರೆ ಕೊನೆಗೆ ಮೈ ಹಿಡಿದುಕೊಂಡು ನಡುಗುತ್ತದೆ.

ಮತ್ತೆ ಎಲ್ಲಕ್ಕಿಂತ ಕಷ್ಟದ್ದು: ಒಂದು ದೃಶ್ಯ ಇಟ್ಟ ಮೇಲೆ ಹತ್ತು ಸೆಕೆಂಡು ಕದಲಬಾರದು. ಮನಸ್ಸಿನಲ್ಲೇ ಒಂದರಿಂದ ಹತ್ತರವರೆಗೆ ಎಣಿಸಬೇಕು. ಮಾಡಿ ನೋಡಿ, ನಾಲ್ಕಕ್ಕೇ ಕೈ ಬೇರೆ ಕಡೆ ಎಳೆಯುತ್ತದೆ. 2016ರಲ್ಲಿ ನನ್ನ ಕೈಗೆ ಆದದ್ದೂ ಇದೇ. ಅಜ್ಜಿ, ಗುಡ್ಡ, ನೀರು, ಬಸ್ಸು ಎಲ್ಲವೂ ಒಂದೇ ಸಲಕ್ಕೆ ಬೇಕಾಗಿತ್ತು ನನಗೆ.

ಸಿನಿಮಾದವರಿಗೂ ಇದೇ ತಲೆನೋವಿತ್ತಂತೆ. ನಡೆಯುತ್ತಾ ತೆಗೆದರೂ ಅಲುಗದ ಹಾಗೆ ಕ್ಯಾಮೆರಾವನ್ನು ಮೈಯಿಂದ ಬೇರ್ಪಡಿಸುವ ಸ್ಟೆಡಿಕ್ಯಾಮ್ ಅನ್ನು ಗ್ಯಾರೆಟ್ ಬ್ರೌನ್ ಅನ್ನುವ ಅಮೆರಿಕದವರು 1970ರ ದಶಕದಲ್ಲಿ ಮಾಡಿದರು. 1976ರ 'ರಾಕಿ' ಸಿನಿಮಾದಲ್ಲಿ ನಾಯಕ ಮೆಟ್ಟಿಲು ಹತ್ತಿ ಓಡುವುದು ಅದರಲ್ಲೇ ತೆಗೆದದ್ದು. ಈಗ ಅದರ ಕೆಲಸವನ್ನು ಒಂದು ಮಟ್ಟಿಗೆ ನಮ್ಮ ಕೈಲಿರುವ ಗಿಂಬಲ್ ಮಾಡುತ್ತದೆ. ಕೈ ವಾಲಿದರೆ ಮೂರು ಪುಟಾಣಿ ಮೋಟಾರುಗಳು ಫೋನನ್ನು ಅಷ್ಟೇ ಎದುರು ದಿಕ್ಕಿಗೆ ತಿರುಗಿಸುತ್ತವೆ. ಆದರೆ ನಡೆಯುವಾಗ ಮೈ ಮೇಲೆ ಕೆಳಗೆ ಆಗುವುದನ್ನು ಅದು ತಡೆಯದು. ಅದಕ್ಕೆ ಮಂಡಿ ಬಗ್ಗಿಸಿ ಬೆಕ್ಕಿನ ಹಾಗೆ ನಡೆಯಬೇಕು. ನಾನು ಕಾರಿಡಾರಿನಲ್ಲಿ ಹಾಗೆ ನಡೆಯುವುದನ್ನು ನೋಡಿ ಪಕ್ಕದ ಮನೆ ಆಂಟಿ, "ಸೊಂಟ ನೋವಾ?" ಅಂತ ಕೇಳಿದರು.

ಒಂದು ಭಾನುವಾರ 'ದ್ವೀಪ' ಸಿನಿಮಾವನ್ನು ಮತ್ತೆ ನೋಡಿದೆ. ಸಾಗರದಲ್ಲೇ ಬಾಳಿದ ನಾ. ಡಿಸೋಜ ಅವರ ಕಾದಂಬರಿ, ಗಿರೀಶ ಕಾಸರವಳ್ಳಿಯವರ ನಿರ್ದೇಶನ. ಛಾಯಾಗ್ರಾಹಕ ಎಚ್.ಎಂ. ರಾಮಚಂದ್ರ ಅವರಿಗೆ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಮೊದಲ ಸಲ ನೋಡಿದಾಗ ಕತೆಯನ್ನಷ್ಟೇ ನೋಡಿದ್ದೆ. ಈ ಸಲ ಕ್ಯಾಮೆರಾ ಎಷ್ಟು ಹೊತ್ತು ಸುಮ್ಮನೆ ಇರುತ್ತದೆ ಅಂತ ಎಣಿಸುತ್ತಾ ಕೂತೆ.

ಕಂಬಿಯ ನಡುಕ

ಏಪ್ರಿಲ್‌ನಲ್ಲಿ ಒಂದು ಶುಕ್ರವಾರ ರಜೆ ಹಾಕಿ ಊರಿಗೆ ಹೋಗಿ, ಅಪ್ಪನನ್ನು ಕರೆದುಕೊಂಡು ಆವಿನಹಳ್ಳಿ ಮೇಲೆ ಹೊಳೆಬಾಗಿಲಿಗೆ ಹೋದೆ. ನೀರು ತುಂಬಾ ಇಳಿದಿತ್ತು. ದಡದ ಕೆಂಪು ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಅರವತ್ತು ವರ್ಷದ ಹಿಂದೆ ಮುಳುಗಿದ ಮರಗಳ ಬೊಡ್ಡೆಗಳು ನೀರಿನಿಂದ ಕಪ್ಪಗೆ ತಲೆ ಎತ್ತಿ ನಿಂತಿದ್ದವು. ಪಕ್ಕದಲ್ಲಿ ಸೇತುವೆಯ ಕಂಬಗಳು. ಅಪ್ಪ ಎರಡನ್ನೂ ಒಂದು ಸಲ ನೋಡಿ, "ಟೀ ಸಿಗ್ತದಾ ನೋಡು" ಅಂದರು.

ಲಾಂಚ್ ಹತ್ತಿದೆವು. ಸ್ನೇಹಿತನಿಂದ ತಂದಿದ್ದ ಗಿಂಬಲ್‌ಗೆ ಫೋನ್ ಸಿಕ್ಕಿಸಿ ಆನ್ ಮಾಡಿದೆ. ಚಿತ್ರ ಬಂಡೆಯ ಹಾಗೆ ನಿಂತಿತು. ಆದರೆ ಅಪ್ಪನೂ ಬಂಡೆಯ ಹಾಗೆ ನಿಂತರು! ಮೋಟಾರು ಮಿಸುಕಾಡುವ ಆ ಕೋಲನ್ನು ನೋಡುತ್ತಾ, ಅಂಗಿಯ ಗುಂಡಿ ಹಾಕಿಕೊಂಡು, "ನಮಸ್ಕಾರ. ನಾವು ಶರಾವತಿ ಮುಳುಗಡೆ ಸಂತ್ರಸ್ತರು" ಅಂತ ಶುರು ಮಾಡಿದರು. ಟಿವಿಯವರಿಗೆ ಹೇಳುವ ಧಾಟಿ. ಸುತ್ತಲಿದ್ದವರೂ ತಿರುಗಿ ನೋಡತೊಡಗಿದರು. ಗಿಂಬಲ್ ಬಿಚ್ಚಿ ಚೀಲಕ್ಕೆ ಹಾಕಿದೆ.

ಸರಿ, ಟ್ರೈಪಾಡ್ ಇಲ್ಲದಿದ್ದರೆ ಏನಾದರೂ ಗಟ್ಟಿ ವಸ್ತುವಿನ ಮೇಲೆ ಇಡು ಅಂತ ಕಲಿತಿದ್ದೆನಲ್ಲ, ಫೋನನ್ನು ಪಕ್ಕದ ಕಬ್ಬಿಣದ ಕಂಬಿಗೆ ಒತ್ತಿ ಹಿಡಿದೆ. ಲಾಂಚ್ ಹೊರಟಿತು. ಪರದೆ ತುಂಬಾ ಸಣ್ಣ ಅಲೆ ಎದ್ದ ಹಾಗೆ ಗಡಗಡ. ಗಟ್ಟಿಯಾಗಿ ಒತ್ತಿದೆ, ಇನ್ನೂ ಜೋರಾಯಿತು.

ಅಪ್ಪ ಬಗ್ಗಿ ನೋಡಿದರು. ಮೂವತ್ತೆರಡು ವರ್ಷ ಬಸ್ಸು ಓಡಿಸಿದವರು ಅವರು. "ಬಸ್ಸು ನಿಂತಾಗ ಇಂಜಿನ್ ಆನ್ ಇದ್ರೆ ಕನ್ನಡಿ ನಡುಗ್ತದಲ್ಲ, ಅದೇ ಇದು. ಇಂಜಿನ್ನಿನ ನಡುಕ ಕಬ್ಬಿಣದಲ್ಲೇ ಬರೋದು. ಕಂಬಿ ಬಿಡು, ಕೈಯಲ್ಲಿ ಹಿಡಿ. ನಿನ್ನ ಮೈ ಇದ್ಯಲ್ಲ, ಅದೇ ಸ್ಪ್ರಿಂಗು" ಅಂದರು.

ಕಂಬಿ ಬಿಟ್ಟು, ಒರಗದೆ, ಕಾಲು ಅಗಲಿಸಿ ನಿಂತೆ. ಗಡಗಡ ನಿಂತಿತು. ಫೋನಿನ ಲೆನ್ಸ್ ಒಳಗೇ ನಡುಕ ತಡೆಯುವ ಅತಿ ಸಣ್ಣ ವ್ಯವಸ್ಥೆ ಇರುತ್ತದೆ. ನಮ್ಮ ಕೈಯ ನಿಧಾನದ ಅಲುಗಾಟಕ್ಕೆ ಅದು ಸರಿ, ಇಂಜಿನ್ನಿನ ಬಿರುಸಿನ ನಡುಕಕ್ಕೆ ಅಲ್ಲ. ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿಕೊಂಡು ಹೋದರೆ ಕ್ಯಾಮೆರಾ ಕೆಡಬಹುದು ಅಂತ ಆಪಲ್ ಕಂಪನಿಯೇ ಎಚ್ಚರಿಸಿದೆ. ಅಷ್ಟೆಲ್ಲ ಓದಿದ್ದ ನನಗೆ ಹೊಳೆಯದಿದ್ದದ್ದು ಅಪ್ಪನಿಗೆ ಬಸ್ಸಿನ ಕನ್ನಡಿಯಿಂದ ಗೊತ್ತಿತ್ತು.

ನನಗೆ ಕಲಿಸಿದ ಖುಷಿಗೋ ಏನೋ, ಅಪ್ಪ ಮಾಮೂಲಿಯಾದರು. ಕ್ಯಾಮೆರಾ ಕಡೆ ನೋಡುವುದು ಬಿಟ್ಟರು. ನೀರು ನೋಡುತ್ತಾ ಮಾತು ಶುರು ಮಾಡಿದರು.

"ಲಾರಿ ಬಂದಿದ್ದು ಬೆಳಿಗ್ಗೆ. ಅಮ್ಮ ಒಲೆ ಬೂದಿ ಗೋರಿ, ಸಗಣಿ ಸಾರಿಸಿ, ರಂಗೋಲಿ ಇಟ್ಲು. ಮುಳುಗೋ ಮನೆಗೆ ಎಂಥಕ್ಕೆ ಸಾರ್ಸೋದು ಅಂತ ಅಪ್ಪ ಬೈದ. ಅವಳು ಮಾತಾಡ್ಲಿಲ್ಲ. ದನಗಳನ್ನ ನಡೆಸ್ಕೊಂಡು ಹೋದ್ರು. ನಾಯಿ ಮಾತ್ರ ಲಾರಿ ಹತ್ಲಿಲ್ಲ."

ಇಷ್ಟು ಹೇಳಿ ಸುಮ್ಮನಾದರು.

2016ರ ನಾನಾಗಿದ್ದರೆ ತಕ್ಷಣ ಬೇರೆ ಕಡೆ ತಿರುಗಿಸುತ್ತಿದ್ದೆ. ಇಲ್ಲ, "ಮುಂದೆ ಹೇಳಿ ಅಪ್ಪ" ಅನ್ನುತ್ತಿದ್ದೆ. ಈ ಸಲ ಎಣಿಸಿದೆ. ಹತ್ತಾಯಿತು. ಇಪ್ಪತ್ತಾಯಿತು. ಅಪ್ಪನ ಮುಖದ ಅರ್ಧಕ್ಕೆ ಬಿಸಿಲು. ಹಿಂದೆ ಬೊಡ್ಡೆಗಳು ನಿಧಾನಕ್ಕೆ ಸರಿದು ಹೋಗುತ್ತಿದ್ದವು. ಮೂವತ್ತೊಂದೋ ಮೂವತ್ತೆರಡೋ ಎಣಿಸುವಾಗ ಅಪ್ಪ ಕೈ ಎತ್ತಿದರು.

"ಅದು ನೋಡು. ಎರಡು ಗುಡ್ಡ ಸೇರೋ ಕಣಿವೆ. ಅಲ್ಲೇ."

ಸೊಂಟದಿಂದ ಮೆಲ್ಲಗೆ ತಿರುಗಿದೆ. ಅಪ್ಪನ ಕೈ, ಬೆರಳು, ನೀರು, ಕಣಿವೆ. ಅಲ್ಲಿಗೆ ಬಂದು ನಿಂತೆ. ಜೂಮ್ ಮಾಡಲಿಲ್ಲ. ಮತ್ತೆ ಒಂದರಿಂದ ಎಣಿಸಿದೆ.

ಏಳು ಸೆಕೆಂಡು

ರಾತ್ರಿ ಮನೆಯಲ್ಲಿ ಟಿವಿಗೆ ಹಾಕಿದೆ. ಅಮ್ಮ, ಅಪ್ಪ, ನಾನು. ಅಲುಗಾಟವಿಲ್ಲ. ಅಪ್ಪ ಎರಡು ಸಲ ನೋಡಿದರು. ಆಮೇಲೆ, "ಅಮ್ಮಂದೂ ಹಾಕು" ಅಂದರು.

"ಅದರಲ್ಲಿ ಏನೂ ಕಾಣೋದಿಲ್ಲ ಅಪ್ಪ, ಬೇಡ."

"ಕೇಳ್ತದಲ್ಲ. ಹಾಕು."

ನಿಜ ಹೇಳಬೇಕೆಂದರೆ ಆ ವಿಡಿಯೊವನ್ನು ನಾನೇ ಪೂರ್ತಿ ನೋಡಿರಲಿಲ್ಲ. ಫೋನ್ ಜೇಬಲ್ಲಿಟ್ಟು ಇಯರ್‌ಫೋನಿನಲ್ಲಿ ಕೇಳಿದ್ದೇ ಹೆಚ್ಚು. ಆ ಮನೆಯಲ್ಲಿ ಅದು ಎರಡು ನಿಮಿಷದಿಂದ ಮುಂದೆ ಯಾವತ್ತೂ ಓಡಿರಲಿಲ್ಲ. ಅವತ್ತು ಓಡಿತು. ಆಕಾಶ, ಚಪ್ಪಲಿ, ಚಿಕ್ಕಪ್ಪನ ಕಡಲೆಕಾಯಿ. ಅಮ್ಮ ಆಗಲೇ ಅಡುಗೆಮನೆಗೆ ಎದ್ದು ಹೋಗಿದ್ದರು. ಮೂರನೇ ನಿಮಿಷದ ಹತ್ತಿರ ಅಜ್ಜಿಯ ಧ್ವನಿ: "ಅಯ್ಯ, ಎಲ್ಲಿ ನೋಡ್ತೀಯ? ಇಲ್ಲಿ ನೋಡು."

ಪರದೆಯಲ್ಲಿ ಅಜ್ಜಿಯ ಕೈ ಬಂತು, ಮೂರು ಹಸಿರು ಬಳೆ. ಆ ಕೈ ನನ್ನ ಮಣಿಕಟ್ಟು ಹಿಡಿದಿರಬೇಕು. ಚಿತ್ರ ಒಂದು ಸಲ ಜರುಗಿ, ಅಲ್ಲೇ ನಿಂತುಬಿಟ್ಟಿತು. ನೀರು. ಎರಡು ಗುಡ್ಡ. ನಡುವೆ ಕಣಿವೆ.

ಅಪ್ಪ ಕುರ್ಚಿಯಿಂದ ಮುಂದಕ್ಕೆ ಬಂದರು. "ಅದೇ. ಅದೇ ಜಾಗ."

ಆಮೇಲೆ ಅಳೆದು ನೋಡಿದೆ. ಏಳು ಸೆಕೆಂಡು. ನಾಲ್ಕು ನಿಮಿಷದ ಆ ವಿಡಿಯೊದಲ್ಲಿ ಅಲುಗದ ಜಾಗ ಅದೊಂದೇ. ಅದನ್ನು ಹಿಡಿದದ್ದು ನಾನಲ್ಲ, ಎಂಬತ್ತು ವರ್ಷದ ಅಜ್ಜಿ. ಎಂಟನೇ ಸೆಕೆಂಡಿಗೆ ಅವಳು ಕೈ ಬಿಟ್ಟಿದ್ದಾಳೆ, ನಾನು ಮತ್ತೆ ಬಸ್ಸಿನ ಕಡೆ ಓಡಿದ್ದೇನೆ.

ಎರಡನ್ನೂ ಸೇರಿಸಿ ಒಂದು ಮಾಡಿದೆ. ಅಪ್ಪನ ಮಾತು, ಅಪ್ಪನ ಮೌನ, ಕಣಿವೆ, ಆಮೇಲೆ ಅಜ್ಜಿಯ ಏಳು ಸೆಕೆಂಡು. ಹಾಡು ಹಾಕಲಿಲ್ಲ, ಸ್ಲೋ ಮೋಷನ್ ಮಾಡಲಿಲ್ಲ. ಮೌನದ ಮೂವತ್ತು ಸೆಕೆಂಡು ಕತ್ತರಿಸೋಣವೇ ಅನ್ನಿಸಿತ್ತು, ಯಾರು ನೋಡುತ್ತಾರೆ ಅಂತ. ಕತ್ತರಿಸಲಿಲ್ಲ.

ಜುಲೈ 2025ರಲ್ಲಿ ಸೇತುವೆ ಉದ್ಘಾಟನೆಯಾಯಿತು. ದಸರಾ ರಜೆಯಲ್ಲಿ ಅಪ್ಪನ ಜೊತೆ ಕಾರಲ್ಲಿ ಹೋಗಿ ಬಂದೆ. ಗಾಡಿ ಓಡಿಸುತ್ತಿದ್ದುದರಿಂದ ಫೋನ್ ಮುಟ್ಟಲಿಲ್ಲ. ಮಳೆಗಾಲದ ನೀರು ತುಂಬಿ ಬೊಡ್ಡೆಗಳೆಲ್ಲ ಮುಳುಗಿದ್ದವು. ಕಣಿವೆ ಬಂದಾಗ ಅಪ್ಪ ಕೈ ತೋರಿಸಲು ಎತ್ತಿದರು, ತೋರಿಸುವಷ್ಟರಲ್ಲಿ ದಾಟಿತ್ತು. "ಒಳ್ಳೇದಾಯ್ತು ಬಿಡು, ಈ ಕಡೆ ಜನಕ್ಕೆ" ಅಂದರು.

ಈ ದೀಪಾವಳಿಗೋ ಯುಗಾದಿಗೋ ನೀವು ಊರಿಗೆ ಹೋದಾಗ ಮನೆಯ ಹಿರಿಯರು ಏನಾದರೂ ತೋರಿಸಲು ಕೈ ಎತ್ತಬಹುದು. ಆಗ ಫೋನ್ ತೆಗೆದರೆ ಮೊಣಕೈ ಪಕ್ಕೆಗೆ ತಾಗಿಸಿ, ಜೂಮ್ ಬಿಡಿ, ಹತ್ತು ಎಣಿಸಿ. ಅವರು ಸುಮ್ಮನಾದರೂ ಎಣಿಸುತ್ತಲೇ ಇರಿ.

ನಮ್ಮ ವಿಡಿಯೊವನ್ನು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ ದಿನ ಯಾರೂ ಏನೂ ಬರೆಯಲಿಲ್ಲ. ನೀಲಿ ಟಿಕ್ ಮಾತ್ರ ಬಂತು. ಮಾರನೇ ದಿನ ಬೆಳಿಗ್ಗೆ ಅತ್ತೆಯ ವಾಯ್ಸ್ ಮೆಸೇಜ್ ಇತ್ತು.

"ಮೂರು ಸಲ ನೋಡ್ದೆ. ತಲೆ ತಿರುಗ್ಲಿಲ್ಲ ಮಾರಾಯ."